ನಿವೃತ್ತಿ ಆದ್ಮೇಲೆ ವಸಂತದ ಹೂ: ತಾರಸಿ ಕುಂಡಗಳೋ, ಲಾಲ್‌ಬಾಗ್–ಕಬ್ಬನ್ನೋ? ಅನುಭವ ಹೇಳಿ

ಜಯನಗರ_ಎರಡನೇ_ಮಹಡಿ: ಈ ಮಾರ್ಚ್‌ಗೆ ನಿವೃತ್ತಿ. ತಾರಸಿ 20×15 ಅಡಿ, ಬೋರ್‌ವೆಲ್ ನೀರಿದೆ. ಮನೆಯವರಿಗೆ ಮಂಡಿನೋವು. ವರ್ಷಕ್ಕೆರಡು ತಿಂಗಳು ಮಗಳ ಮನೆಗೆ ಹೋಗ್ತೀವಿ. ಜನವರಿಯಿಂದ ಏಪ್ರಿಲ್ ತನಕ ಕಣ್ತುಂಬ ಹೂ ನೋಡ್ಬೇಕು. ದುಡ್ಡು ತಾರಸಿಗೆ ಹಾಕೋದಾ, ಪಾರ್ಕುಗಳೇ ಸಾಕಾ?

ದುಂಡುಮಲ್ಲಿಗೆ: ತಾರಸಿ, ಎರಡು ಮಾತಿಲ್ಲ. ನಮ್ಮಲ್ಲಿರೋದೆಲ್ಲ 14 ಇಂಚಿನ ಕುಂಡದಲ್ಲಿ ದುಂಡು ಮಲ್ಲಿಗೆ. ಮಲ್ಲಿಗೆ ಬಿಡೋದು ಹೊಸ ಚಿಗುರಿನ ತುದೀಲಿ, ಹಾಗಾಗಿ ಸವರೋದೇ ಅರ್ಧ ಕೆಲಸ. ನವೆಂಬರ್ ಕೊನೆಗೆ ನೀರು ಕಡಿಮೆ ಮಾಡಿ. ಡಿಸೆಂಬರ್‌ನಲ್ಲಿ ಮಣ್ಣಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ, ಒಣಕಲು ಕಡ್ಡಿ ಬುಡಕ್ಕೇ ತೆಗೀರಿ, ಉಳಿದ ಎಲೆ ಕೈಯಲ್ಲೇ ಸವರಿಬಿಡಿ. ಮೇಲಿನ ಎರಡಿಂಚು ಮಣ್ಣು ಕೆದಕಿ ಎರಡು ಬೊಗಸೆ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ, ಆಮೇಲೆ ತುಂಬಾ ನೀರು. ಮಾರ್ಚ್‌ಗೆ ಮೊಗ್ಗು ಗ್ಯಾರಂಟಿ. ಮೊಗ್ಗು ನೇರಳೆಗೆ ತಿರುಗಿ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಕಂಡ್ರೆ ಅದು ಮೊಗ್ಗು ಕೊರಕ ಹುಳ. ಅಂಥ ಮೊಗ್ಗೆಲ್ಲ ಕಿತ್ತು, ಲೀಟರ್‌ಗೆ 5 ಮಿಲಿ ಬೇವಿನೆಣ್ಣೆ, ಸ್ವಲ್ಪ ಸೋಪಿನ ನೀರು ಕಲಸಿ ಸಂಜೆ ಸಿಂಪಡಿಸಿ. ಕೆಂಪು ನುಸಿಗೆ ನೀರಲ್ಲಿ ಕರಗೋ ಗಂಧಕ, ಲೀಟರ್‌ಗೆ 2 ಗ್ರಾಂ.

ಖರ್ಚು ಕೇಳಿ. ಕುಂಡ ಒಂದಕ್ಕೆ 260. ಕೆಂಪು ಮಣ್ಣಿನ ಮೂಟೆ 120, ಅದನ್ನ ಮೇಲಕ್ಕೆ ಹೊರೋಕೆ ಮೂಟೆಗೆ 60! ಮಣ್ಣಿಗಿಂತ ಕೂಲಿ ಕೇಳಿದಾಗಲೇ ಎದೆ ಧಸಕ್ ಅನ್ನೋದು.

ಕಬ್ಬನ್_ಏಳೂವರೆ: ಅಷ್ಟು ದುಡ್ಡು ಸುರಿದು ಒಂದೇ ಹೂವಾ? ನಾನು ಒಂದೇ ಒಂದು ಕುಂಡ ಇಟ್ಟಿಲ್ಲ, ಇಡೋದೂ ಇಲ್ಲ. ಜನವರಿಯಿಂದ ಗುಲಾಬಿ ಬಣ್ಣದ ಟಬೆಬುಯಾ, ಫೆಬ್ರುವರಿ–ಮಾರ್ಚ್‌ಗೆ ಹಳದಿ, ಅದರ ಬೆನ್ನಿಗೇ ನೀಲಿ ಜಕರಂಡಾ, ಯುಗಾದಿ ಹೊತ್ತಿಗೆ ಹೊಂಗೆ, ಏಪ್ರಿಲ್‌ಗೆ ಕಕ್ಕೆ, ಗುಲ್‌ಮೊಹರ್. ಇದು ತಾನಾಗಿ ಆದದ್ದಲ್ಲ. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತೋಟಗಾರಿಕೆ ತಜ್ಞ ಕ್ರುಂಬಿಗಲ್, ಒಂದು ಮುಗಿದ್ರೆ ಇನ್ನೊಂದು ಅರಳೋ ಹಾಗೆ ಲೆಕ್ಕ ಹಾಕಿ ರಸ್ತೆ ಮರಗಳನ್ನ ಹಾಕಿಸೋ ಪದ್ಧತಿ ತಂದ್ರು. ಟಬೆಬುಯಾ ಎಲೆ ಪೂರ್ತಿ ಉದುರಿಸಿ ಬರೀ ಕೊಂಬೆ ಮೇಲೆ ಅರಳುತ್ತೆ, ಒಂದು ಮರ ಹೆಚ್ಚೆಂದ್ರೆ ಒಂದೆರಡು ವಾರ, ಮಧ್ಯೆ ಒಂದು ಜೋರು ಮಳೆ ಬಿದ್ರೆ ಕಥೆ ಮುಗೀತು. ನೆಲಕ್ಕೆ ಬಿದ್ದ ಹೂ ತುಳಿತಕ್ಕೆ ಸಿಕ್ಕೋ ಮುಂಚೆ ನೋಡ್ಬೇಕು, ಅಂದ್ರೆ ಎಂಟರೊಳಗೆ. ಜನವರಿ ಫ್ಲವರ್ ಶೋ ದಿನಗಳಲ್ಲಿ ಲಾಲ್‌ಬಾಗ್ ಕಡೆ ತಲೆ ಹಾಕ್ಬೇಡಿ. ಗಾಜಿನ ಮನೆ ಸುತ್ತ ನೂಕುನುಗ್ಗಲು, ವಯಸ್ಸಾದವರಿಗೆ ಆಗಲ್ಲ.

ತಾರಸಿ_ಲೆಕ್ಕ: @ದುಂಡುಮಲ್ಲಿಗೆ, ಬೇವಿನೆಣ್ಣೆ ಮತ್ತು ಗಂಧಕ ಒಂದೇ ಉಸಿರಲ್ಲಿ ಹೇಳ್ಬಿಟ್ರಲ್ಲ! ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬಿದ್ರೆ ಎಲೆ ಅಂಚು ಸುಟ್ಟು ಕರಕಲಾಗುತ್ತೆ. ಬಿಸಿಲು 32 ಡಿಗ್ರಿ ದಾಟಿದ ದಿನ ಗಂಧಕ ಮುಟ್ಟಲೇಬಾರದು. ಮಾರ್ಚ್ ಬೆಂಗಳೂರಲ್ಲಿ ಅಂಥ ದಿನ ಎಷ್ಟಿರುತ್ತೆ ನೀವೇ ಹೇಳಿ.

ತೂಕ ಯಾರೂ ಹೇಳ್ಲಿಲ್ಲ. ಮಣ್ಣು ತುಂಬಿ ನೀರುಂಡ 14 ಇಂಚಿನ ಕುಂಡ 30 ಕೆಜಿ. ಚದರ ಮೀಟರ್‌ಗೆ ಒತ್ತೊತ್ತಾಗಿ 8 ಕುಂಡ, 240 ಕೆಜಿ. ಜನ ಓಡಾಡೋ ತಾರಸಿಗೆ ಇಂಜಿನಿಯರುಗಳು ಹಿಡಿಯೋದು 150. ನಮ್ಮದೆಲ್ಲ ತೊಲೆ ಮೇಲೆ, ಗೋಡೆ ಅಂಚಿಗೆ ಸಾಲಾಗಿದೆ, ನಡುವೆ ಒಂದೂ ಇಲ್ಲ. ಮಿಶ್ರಣ: ಕೆಂಪು ಮಣ್ಣು 4 ಪಾಲು, ಕೊಕೊಪೀಟ್ (ತೆಂಗಿನ ನಾರಿನ ಪುಡಿ) 3, ಗೊಬ್ಬರ 3. ಕೊಕೊಪೀಟ್ ಎರಡು ಸಲ ತೊಳೆದು ಹಿಂಡದಿದ್ರೆ ಉಪ್ಪಿಗೆ ಬೇರು ಕಂದುತ್ತೆ.

ಊರಿಗೆ ಹೋಗೋವಾಗ ಡ್ರಿಪ್ (ಹನಿ ನೀರಾವರಿ) ಬೇಕೇಬೇಕು. ಅಂಗಡಿಯವನೊಬ್ಬ ನಮಗೆ ಒತ್ತಡ ಸರಿದೂಗಿಸೋ ಡ್ರಿಪ್ಪರ್ ತಗುಲಿಹಾಕಿದ, 3,400 ರೂಪಾಯಿ ನೀರಲ್ಲಿ ಹೋಮ. ಅದಕ್ಕೆ ಕನಿಷ್ಠ ಅರ್ಧ ಬಾರ್ ಒತ್ತಡ ಬೇಕು, ಅಂದ್ರೆ ಟ್ಯಾಂಕ್ 5 ಮೀಟರ್ ಮೇಲಿರ್ಬೇಕು. ತಾರಸಿ ಟ್ಯಾಂಕ್ ಇರೋದು ಒಂದೂವರೆ ಮೀಟರ್ ಮೇಲೆ! ತಿರುಗಿಸಿ ಹೊಂದಿಸೋ ಸಾದಾ ಡ್ರಿಪ್ಪರ್ ತಗೊಳ್ಳಿ, ಮುಂದೆ 120 ಮೆಶ್ ಜಾಲರಿ ಫಿಲ್ಟರ್. ಬೋರ್‌ವೆಲ್ ಸುಣ್ಣ ಕಟ್ಟಿದ್ರೆ ಡ್ರಿಪ್ಪರ್ ಬಿಚ್ಚಿ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲ) ನೀರಲ್ಲಿ ರಾತ್ರಿ ನೆನೆಹಾಕಿ.

ದುಂಡುಮಲ್ಲಿಗೆ: ಎರಡೂ ಒಟ್ಟಿಗೆ ಹೊಡೀರಿ ಅಂತ ನಾನು ಎಲ್ಲಿ ಹೇಳಿದೆ? ಮೊಗ್ಗಿನ ಹುಳಕ್ಕೆ ಒಂದು, ನುಸಿಗೆ ಒಂದು. ಓದಿ ಮಾತಾಡಿ ಸ್ವಾಮಿ.

ತಾರಸಿ_ಲೆಕ್ಕ: ಅಂತರ ಹೇಳದೇ ಬರೆದ್ರೆ ಹೊಸಬರು ಒಂದೇ ವಾರದಲ್ಲಿ ಎರಡೂ ಹೊಡೀತಾರೆ. ಅದನ್ನೇ ಹೇಳಿದ್ದು.

ಮುತ್ತುಗದ_ಬೀಡು: ಟಬೆಬುಯಾ, ಜಕರಂಡಾ ಎರಡೂ ಅಮೆರಿಕ ಖಂಡದ್ದು, ಗುಲ್‌ಮೊಹರ್ ಮಡಗಾಸ್ಕರ್‌ದು. ವಸಂತ ಅಂದ್ರೆ ನಮಗೆ ಮುತ್ತುಗ, ಬೂರುಗ, ಹೊಂಗೆ. ಬೂರುಗದ ಹೂವಿಗೆ ಮೈನಾ, ಕಾಜಾಣ ಮುತ್ತಿಕೊಳ್ಳೋದು ನೋಡಿದವರು ಫೋಟೋ ಮರಗಳ ಹಿಂದೆ ಹೋಗಲ್ಲ. ಬಿಡಿಎ ಸೈಟಲ್ಲೂ ಒಂದು ಹೊಂಗೆ ಹಾಕ್ಬಹುದು, ಗೋಡೆಯಿಂದ 10 ಅಡಿ ಬಿಟ್ಟು.

ಕಬ್ಬನ್_ಏಳೂವರೆ: ಹೊಂಗೆ ನನ್ನ ಪಟ್ಟಿಯಲ್ಲೇ ಇದೆ, ಕಣ್ಣಿಗೆ ಬೀಳ್ಲಿಲ್ವಾ? ನೂರು ವರ್ಷದಿಂದ ಈ ಊರಿಗೆ ನೆರಳು ಕೊಟ್ಟ ಮರಗಳನ್ನ ಪರದೇಶಿ ಅಂತ ಜರಿಯೋದು ನಂಗೆ ಸರಿಬರಲ್ಲ. ಮನೆ ಮುಂದಿನ ಮಳೆಮರವನ್ನೂ ಕಡಿಸ್ತೀರಾ ಹಾಗಾದ್ರೆ?

ಮುತ್ತುಗದ_ಬೀಡು: ಕಡಿಯೋ ಮಾತು ಯಾರೂ ಆಡ್ಲಿಲ್ಲ. ಹೊಸದಾಗಿ ನೆಡೋವಾಗ ಯಾವುದು ಅನ್ನೋದಷ್ಟೇ ಪ್ರಶ್ನೆ.

ಜಯನಗರ_ಎರಡನೇ_ಮಹಡಿ: ಮಂಡಿನೋವಿನ ವಿಚಾರ ಯಾರಾದ್ರೂ…

ದುಂಡುಮಲ್ಲಿಗೆ: ಎರಡು ಅಡಿ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ, ಬಗ್ಗೋದೇ ಬೇಡ. ತುಕ್ಕು ತಡೆಯೋ ಪ್ರೈಮರ್ ಎರಡು ಕೋಟ್ ಹೊಡೆಸಿ. ಕಾಲಿನಡಿ ರಬ್ಬರ್ ಬುಡ ಹಾಕಿಸದಿದ್ರೆ ವಾಟರ್‌ಪ್ರೂಫಿಂಗ್ ಹರಿಯುತ್ತೆ, ಅದನ್ನ ಮತ್ತೆ ಮಾಡಿಸೋಕೆ ನಮಗೆ 18,000 ಬಿತ್ತು.

ತಾರಸಿ_ಲೆಕ್ಕ: ಸ್ಟ್ಯಾಂಡ್ ಇಟ್ರೆ ಪೂರ್ತಿ ಭಾರ ನಾಲ್ಕು ಕಾಲಿನ ಮೇಲೆ. ಕಾಲಿನಡಿ ಒಂದೊಂದು ಅಡಿಯ ಕಡಪಾ ತುಂಡು ಹಾಕಿ, ಬರೀ ರಬ್ಬರ್ ಸಾಲಲ್ಲ.