ಅರವತ್ತರ ನಂತರ ಹವಾಯಿಯ ಸ್ಲ್ಯಾಕ್ ಕೀ ಗಿಟಾರ್: ಸಾಮಾನ್ಯ ಶ್ರುತಿಯನ್ನು ಮೊದಲು ಕಲಿಯಲೇಬೇಕೇ?

ಪ್ರಶ್ನೆ: ಬಸವನಗುಡಿ ಶ್ರೋತೃ

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಂಕ್ ನೌಕರಿಯಿಂದ ನಿವೃತ್ತನಾದವನು. ಚಿಕ್ಕಂದಿನಲ್ಲಿ ಗೀತೆಗಳ ಮಟ್ಟಿಗೆ ವೀಣೆ ಕಲಿತು ಬಿಟ್ಟದ್ದನ್ನು ಹೊರತುಪಡಿಸಿದರೆ, ಸಂಗೀತದೊಂದಿಗೆ ನನ್ನ ಸಂಬಂಧ ಕೇಳುಗನದು ಮಾತ್ರ. ಅದೂ ಹೆಚ್ಚಾಗಿ ಚಾಮರಾಜಪೇಟೆಯ ರಾಮೋತ್ಸವ ಮತ್ತು ಗಾಯನ ಸಮಾಜದ ಕಛೇರಿಗಳಿಗೆ ಸೀಮಿತವಾದದ್ದು. ಗಿಟಾರ್ ಎಂದರೆ ಆರ್ಕೆಸ್ಟ್ರಾದವರ ವಾದ್ಯ ಎಂದೇ ತಿಳಿದಿದ್ದ ನನಗೆ, ಮಗಳು ಕಳುಹಿಸಿದ, ಹವಾಯಿಯ ಸ್ಲ್ಯಾಕ್ ಕೀ (ತಂತಿ ಸಡಿಲಿಸಿ ಶ್ರುತಿ ಮಾಡಿಕೊಂಡು ಬೆರಳುಗಳಿಂದ ನುಡಿಸುವ ಶೈಲಿ) ವಾದಕ ಗ್ಯಾಬಿ ಪಾಹಿನುಯಿ ಅವರ ‘ಹಿಇಲಾವೆ’ ಎಂಬ 1940ರ ದಶಕದ ಧ್ವನಿಮುದ್ರಣ ಒಂದು ಹೊಸ ಹುಚ್ಚನ್ನು ಹಿಡಿಸಿದೆ. ಒಬ್ಬರೇ ಹಾಡುತ್ತ ನುಡಿಸುತ್ತಿದ್ದಾರೆ ಎಂದು ನಂಬುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಕೆಳಸ್ಥಾಯಿಯ ತಂತಿಗಳಲ್ಲಿ ನಡೆ ತಪ್ಪದೆ ಸಾಗುವ ನಾದ, ಅದರ ಮೇಲೆ ಯಾವ ಅವಸರವೂ ಇಲ್ಲದೆ ಆಡುವ ರಾಗದ ಎಳೆ, ಮಧ್ಯೆ ಮಧ್ಯೆ ಗಂಟೆಯಂತೆ ಮಿನುಗುವ ಸ್ವರಗಳು: ಇವನ್ನು ಕೇಳಿದ ಮೇಲೆ ರೇ ಕಾನೆ, ಲೆನರ್ಡ್ ಕ್ವಾನ್, ಸನ್ನಿ ಚಿಲಿಂಗ್‌ವರ್ತ್ ಹೀಗೆ ಒಬ್ಬೊಬ್ಬರನ್ನೇ ಹುಡುಕಿ ಕೇಳುತ್ತಿದ್ದೇನೆ. ಈಗ ಕೇಳಿದರೆ ಸಾಲದು, ನುಡಿಸಬೇಕು ಎನ್ನಿಸಿದೆ.

ನನ್ನ ತೊಡಕು ಹೀಗಿದೆ. ಜಯನಗರದ ಕಡೆ ವಿಚಾರಿಸಿದ ಶಿಕ್ಷಕರೆಲ್ಲರೂ ಮೊದಲು ಗಿಟಾರಿನ ಸಾಮಾನ್ಯ ಶ್ರುತಿಯಲ್ಲಿ (ಇ, ಎ, ಡಿ, ಜಿ, ಬಿ, ಇ) ಒಂದೆರಡು ವರ್ಷ ಅಭ್ಯಾಸ ಮಾಡಿ, ಸಾಧ್ಯವಾದರೆ ಗ್ರೇಡ್ ಪರೀಕ್ಷೆಗೂ ಕುಳಿತು, ಆಮೇಲೆ ಇಂಥವುಗಳ ಕಡೆ ಹೋಗಿ ಎಂದರು. ಒಂದು ಅಂಗಡಿಯಲ್ಲಿ ‘ಹವಾಯಿಯನ್ ಗಿಟಾರ್’ ಬೇಕು ಎಂದಾಗ, ತೊಡೆಯ ಮೇಲೆ ಮಲಗಿಸಿಕೊಂಡು ಉಕ್ಕಿನ ತುಂಡನ್ನು ಜಾರಿಸಿ ನುಡಿಸುವ ಬೇರೊಂದು ವಾದ್ಯವನ್ನು ತಂದಿಟ್ಟರು. ಸಾಮಾನ್ಯ ಶ್ರುತಿಯ ಹಾದಿಯನ್ನು ಬಿಟ್ಟು ನೇರವಾಗಿ ಸ್ಲ್ಯಾಕ್ ಕೀಯನ್ನೇ ಆರಂಭಿಸಬಹುದೇ? ಎಡಗೈಯ ಉಂಗುರ ಬೆರಳು ಬೆಳಗಿನ ಹೊತ್ತು ಬಿಗಿಯಾಗಿರುತ್ತದೆ. ಅಂಥವನಿಗೆ ಯಾವ ಬಗೆಯ ಗಿಟಾರ್ ಸೂಕ್ತ? ‘ಈ ವಯಸ್ಸಿನಲ್ಲಿ ಯಾಕೆ’ ಎಂಬ ಪ್ರಶ್ನೆಯನ್ನು ಮನೆಯವರು ಈಗಾಗಲೇ ಧಾರಾಳವಾಗಿ ಕೇಳಿರುವುದರಿಂದ ಅದನ್ನು ದಯವಿಟ್ಟು ಇಲ್ಲಿ ಬಿಟ್ಟುಬಿಡಬೇಕಾಗಿ ಕೋರುತ್ತೇನೆ.

ಉತ್ತರ: ಆರು ತಂತಿ

ಖಂಡಿತ ನೇರವಾಗಿ ಆರಂಭಿಸಬಹುದು, ಸರ್. ಈ ಪದ್ಧತಿ ಹುಟ್ಟಿದ್ದೇ ಸಾಮಾನ್ಯ ಶ್ರುತಿಯನ್ನು ಕ್ರಮವಾಗಿ ಕಲಿಸುವವರು ಹತ್ತಿರ ಇಲ್ಲದ ಕಡೆ. 1793ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರ್ ಹವಾಯಿಯ ರಾಜ ಒಂದನೇ ಕಮೇಹಮೇಹನಿಗೆ ದನಗಳನ್ನು ಕಾಣಿಕೆಯಾಗಿ ಕೊಟ್ಟನು. ಅವುಗಳನ್ನು ಕೊಲ್ಲಬಾರದೆಂಬ ನಿಷೇಧವಿದ್ದುದರಿಂದ ಅವು ಕಾಡುಬಿದ್ದು ಬೆಳೆದು, ಹೊಲಗದ್ದೆಗಳಿಗೆ ನುಗ್ಗಿ ಹಾವಳಿ ಮಾಡತೊಡಗಿದವು. ಕೊನೆಗೆ ಮೂರನೇ ಕಮೇಹಮೇಹನ ಕಾಲದಲ್ಲಿ, 1830ರ ದಶಕದಲ್ಲಿ, ಆಗ ಮೆಕ್ಸಿಕೋಗೆ ಸೇರಿದ್ದ ಕ್ಯಾಲಿಫೋರ್ನಿಯಾದಿಂದ ದನಗಾಹಿಗಳನ್ನು ಕರೆಸಲಾಯಿತು. ಹಗಲು ದನ ಹಿಡಿಯುವುದನ್ನು ಕಲಿಸಿದ ಇವರು ರಾತ್ರಿ ಗಿಟಾರ್ ನುಡಿಸುತ್ತಿದ್ದರು. ಅವರಿಂದ ಉಳಿದುಕೊಂಡ ಗಿಟಾರುಗಳನ್ನು ಸ್ಥಳೀಯರು ತಮ್ಮ ಹಾಡಿಗೆ ಹೊಂದುವಂತೆ ತಂತಿ ಸಡಿಲಿಸಿ ಶ್ರುತಿ ಮಾಡಿಕೊಂಡರು. ಒಂದೊಂದು ಮನೆತನಕ್ಕೂ ಅದರದೇ ಶ್ರುತಿ ಇತ್ತು. ಹೊರಗಿನವರು ಗುಟ್ಟು ಕದಿಯಬಾರದೆಂದು ಗಿಟಾರ್ ಕೆಳಗಿಡುವ ಮುನ್ನ ಬಿರಡೆಗಳನ್ನು ತಿರುಗಿಸಿ ಶ್ರುತಿ ಕೆಡಿಸಿ ಇಡುವವರೂ ಇದ್ದರಂತೆ. ನಮ್ಮ ಕಡೆಯ ಕೆಲವು ಘರಾಣೆಗಳವರು ಚೀಜುಗಳನ್ನು ಕಾಪಾಡಿಕೊಂಡ ರೀತಿಯನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಾರದು.

ನಿಮಗೆ ಸ್ವರದ ಲೆಕ್ಕದಲ್ಲೇ ಹೇಳುತ್ತೇನೆ. ಅತ್ಯಂತ ಬಳಕೆಯಲ್ಲಿರುವ ಶ್ರುತಿಗೆ ‘ಟ್ಯಾರೋ ಪ್ಯಾಚ್’ ಎಂದು ಹೆಸರು. ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಡಿ, ಜಿ, ಡಿ, ಜಿ, ಬಿ, ಡಿ. ಜಿ ಎಂಬುದನ್ನು, ಅಂದರೆ ಹಾರ್ಮೋನಿಯಂನ ಬಿಳಿ ಐದನ್ನು, ಷಡ್ಜವೆಂದು ಹಿಡಿದರೆ ಇದು ಪ ಸ ಪ ಸ ಗ ಪ ಆಗುತ್ತದೆ. ಗಾಂಧಾರ ಅಂತರ ಗಾಂಧಾರ. ಸಾಮಾನ್ಯ ಶ್ರುತಿಯಲ್ಲಿರುವ ಗಿಟಾರಿನ ಆರನೆಯ, ಐದನೆಯ ಮತ್ತು ಒಂದನೆಯ ತಂತಿಗಳನ್ನು ಎರಡೆರಡು ಸ್ವರಸ್ಥಾನ ಕೆಳಗಿಳಿಸಿದರೆ ಸಾಕು, ಉಳಿದ ಮೂರನ್ನು ಮುಟ್ಟಬೇಕಾಗಿಲ್ಲ. ಎಡಗೈಯನ್ನು ಬಳಸದೆ ಎಲ್ಲ ತಂತಿಗಳನ್ನು ಮೀಟಿದರೂ ಷಡ್ಜದ ಪೂರ್ಣ ಸ್ವರಮೇಳ (ಕಾರ್ಡ್) ಕೇಳಿಸುತ್ತದೆ. ಐದನೆಯ ಮೆಟ್ಟಿಗೆ (ಫ್ರೆಟ್) ಒಂದೇ ಬೆರಳನ್ನು ಅಡ್ಡ ಇಟ್ಟರೆ ಮಧ್ಯಮದ ಸ್ವರಮೇಳ, ಏಳನೆಯ ಮೆಟ್ಟಿಗೆ ಇಟ್ಟರೆ ಪಂಚಮದ್ದು. ಬಹಳಷ್ಟು ಹಳೆಯ ಹಾಡುಗಳು ಈ ಮೂರರಲ್ಲೇ ನಡೆದುಹೋಗುತ್ತವೆ. ಚರಣದ ಕೊನೆಯಲ್ಲಿ ರಿಷಭದ ಸ್ವರಮೇಳದಿಂದ ಪಂಚಮದ್ದಕ್ಕೆ, ಅಲ್ಲಿಂದ ಷಡ್ಜಕ್ಕೆ ಇಳಿಯುವ ಸಣ್ಣ ತಿರುವೊಂದು ಮತ್ತೆ ಮತ್ತೆ ಬರುತ್ತದೆ. ಅದು ಒಮ್ಮೆ ಕಿವಿಗೆ ಸಿಕ್ಕಿದರೆ ಈ ಸಂಗೀತವನ್ನು ಎಲ್ಲಿದ್ದರೂ ಗುರುತಿಸಬಹುದು.

ಬೆರಳಿನ ವಿಷಯ. ತಂತಿಯ ಬಿಗಿತವು ಅದರ ಕಂಪನಸಂಖ್ಯೆಯ ವರ್ಗಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಎರಡು ಸ್ವರಸ್ಥಾನ ಇಳಿಸಿದ ತಂತಿಯಲ್ಲಿ ಬಿಗಿತ ಸುಮಾರು 20 ಶೇಕಡದಷ್ಟು ಕಡಿಮೆಯಾಗುತ್ತದೆ. ಆರರಲ್ಲಿ ಮೂರು ತಂತಿಗಳಿಗೆ ಈ ರಿಯಾಯಿತಿ ಸಿಗುತ್ತದೆ. ಅದೂ ಸಾಲದೆನಿಸಿದರೆ ನೈಲಾನ್ ತಂತಿಯ ಗಿಟಾರ್ ಕೊಳ್ಳಿ. ಉಕ್ಕಿನ ತಂತಿಗಳ ಒಟ್ಟು ಎಳೆತ ಸುಮಾರು 70 ಕಿಲೋ ಇದ್ದರೆ ನೈಲಾನಿನದು ಹೆಚ್ಚುಕಡಿಮೆ ಅದರ ಅರ್ಧ. ಹವಾಯಿಯಲ್ಲೂ ನೈಲಾನ್ ತಂತಿಯಲ್ಲಿ ನುಡಿಸುವ ಒಳ್ಳೆಯ ವಾದಕರಿದ್ದಾರೆ. ಅದರ ಕತ್ತು ಅಗಲ ಎಂಬುದು ಆರಂಭದಲ್ಲಿ ತೊಂದರೆ ಎನಿಸಿದರೂ, ಒಂದೊಂದೇ ತಂತಿಯನ್ನು ಬೇರೆ ಬೇರೆಯಾಗಿ ಮೀಟುವ ಈ ಶೈಲಿಗೆ ಅದರಿಂದ ಅನುಕೂಲವೇ. ಆದರೆ ನೈಲಾನ್ ಗಿಟಾರಿಗೆ ಎಂದೂ ಉಕ್ಕಿನ ತಂತಿ ಹಾಕಬೇಡಿ, ತಂತಿಗಳನ್ನು ಹಿಡಿದಿರುವ ಸೇತುವೆ (ಬ್ರಿಜ್) ಕಿತ್ತು ಬರುತ್ತದೆ.

ಉತ್ತರ: ಗಿಟಾರ್ ಮೇಷ್ಟ್ರು

ನಾನು ಈ ನಗರದಲ್ಲೇ ಗಿಟಾರ್ ಕಲಿಸುವವನಾದ್ದರಿಂದ ಶಿಕ್ಷಕರ ಪರವಾಗಿ ಎರಡು ಮಾತು. ಸ್ಲ್ಯಾಕ್ ಕೀಯಲ್ಲಿ ಶ್ರುತಿ ಒಂದೇ ಅಲ್ಲ, ಹತ್ತಾರು ಇವೆ. ಶ್ರುತಿ ಬದಲಾದಾಗ ಬೆರಳಿನ ಸ್ಥಾನಗಳೆಲ್ಲ ಬದಲಾಗುತ್ತವೆ. ಸಾಮಾನ್ಯ ಶ್ರುತಿಯಲ್ಲಿ ಪಳಗಿದವನಿಗೆ ಯಾವ ಸ್ವರ ಎಲ್ಲಿದೆ ಎಂಬ ನಕ್ಷೆ ತಲೆಯಲ್ಲಿರುತ್ತದೆ, ಹೊಸ ಶ್ರುತಿಯನ್ನು ಅದರೊಂದಿಗೆ ಹೋಲಿಸಿ ಬೇಗ ಹಿಡಿಯುತ್ತಾನೆ. ಜೊತೆಗೆ ನಾಳೆ ಮನೆಯ ಸಮಾರಂಭದಲ್ಲಿ ಯಾರೋ ಭಾವಗೀತೆ ಹಾಡುವಾಗ ನೀವು ಜೊತೆಗೂಡಬೇಕೆಂದರೆ ಸಾಮಾನ್ಯ ಶ್ರುತಿಯೇ ಸುಲಭ. ಹಾಗಿದ್ದರೂ ನಿಮ್ಮ ವಿಷಯದಲ್ಲಿ ಗ್ರೇಡ್ ಪರೀಕ್ಷೆಯ ಸಲಹೆ ನನಗೂ ಒಪ್ಪಿಗೆಯಿಲ್ಲ. ಕಾಲೇಜಿಗೆ ಪ್ರಮಾಣಪತ್ರ ಬೇಕಾದ ಹುಡುಗರಿಗೆ ಹೇಳುವುದನ್ನು ಎಲ್ಲರಿಗೂ ಹೇಳಿಬಿಡುವ ಅಭ್ಯಾಸ ನಮ್ಮವರಲ್ಲಿದೆ. ಒಂಟಿಯಾಗಿ ನುಡಿಸುವುದೇ ಉದ್ದೇಶವಾಗಿದ್ದರೆ ನೇರವಾಗಿ ಟ್ಯಾರೋ ಪ್ಯಾಚ್‌ನಿಂದಲೇ ತೊಡಗಿ, ಆದರೆ ಒಬ್ಬ ಶಾಸ್ತ್ರೀಯ ಗಿಟಾರ್ ಶಿಕ್ಷಕರಿಂದ ಬಲಗೈ ಅಭ್ಯಾಸವನ್ನು ಮಾತ್ರ ಕೆಲವು ಪಾಠಗಳಷ್ಟು ಕಲಿತುಕೊಳ್ಳಿ. ಹೆಬ್ಬೆರಳು ಮತ್ತು ಉಳಿದ ಬೆರಳುಗಳ ಹೊಂದಾಣಿಕೆ ಯಾವ ಶ್ರುತಿಯಲ್ಲಿದ್ದರೂ ಒಂದೇ. ತಪ್ಪು ಭಂಗಿಯಿಂದ ಮಣಿಕಟ್ಟಿಗೆ ಆಗುವ ನೋವು ವಯಸ್ಸಾದವರಲ್ಲಿ ಬೇಗ ವಾಸಿಯಾಗುವುದಿಲ್ಲ.

ಉತ್ತರ: ತಾಳದ ತಂತಿ

ನಾನು ವೀಣೆ ನುಡಿಸುವವಳು. ಸ್ಲ್ಯಾಕ್ ಕೀಯನ್ನು ಹವ್ಯಾಸಕ್ಕಾಗಿ ಕೆಲವು ಕಾಲದಿಂದ ಅಭ್ಯಾಸ ಮಾಡುತ್ತಿದ್ದೇನೆ. ಶ್ರೋತೃಗಳು ಚಿಕ್ಕಂದಿನಲ್ಲಿ ಕಲಿತ ವೀಣೆ ಇಲ್ಲಿ ಎಲ್ಲಿ ನೆರವಾಗುತ್ತದೆ, ಎಲ್ಲಿ ಅಡ್ಡ ಬರುತ್ತದೆ ಎಂಬುದನ್ನು ಹೇಳಬಹುದೆಂದುಕೊಂಡಿದ್ದೇನೆ.

ಸಾರಣಿ, ಪಂಚಮ, ಮಂದ್ರ, ಅನುಮಂದ್ರ ಎಂಬ ಸ ಪ ಸ ಪ ಕ್ರಮಕ್ಕೆ ಒಗ್ಗಿದ ಕಿವಿಗೆ ಟ್ಯಾರೋ ಪ್ಯಾಚ್ ಪರಕೀಯವೆನಿಸುವುದಿಲ್ಲ. ತೊಡಕು ಬಲಗೈಯಲ್ಲಿ. ನಾವು ತೋರು ಬೆರಳು ಮತ್ತು ನಡು ಬೆರಳಿನಿಂದ ಮೀಟುತ್ತೇವೆ, ಕಿರುಬೆರಳು ತಾಳದ ತಂತಿಯನ್ನು ನೋಡಿಕೊಳ್ಳುತ್ತದೆ, ಹೆಬ್ಬೆರಳಿಗೆ ಮೀಟುವ ಕೆಲಸವಿಲ್ಲ. ಸ್ಲ್ಯಾಕ್ ಕೀಯಲ್ಲಿ ಮನೆಯ ಯಜಮಾನಿಕೆ ಹೆಬ್ಬೆರಳಿನದೇ. ಅದು ಕೆಳಸ್ಥಾಯಿಯ ದಪ್ಪ ತಂತಿಗಳಲ್ಲಿ ಒಂದಾದ ಮೇಲೊಂದರಂತೆ ಲಯ ಹಿಡಿದು ನಡೆಯುತ್ತಿರಬೇಕು, ಮೇಲಿನ ರಾಗ ತಡವರಿಸಿದರೂ ಅದು ನಿಲ್ಲಬಾರದು. ಆರಂಭದಲ್ಲಿ ಎಡಗೈಯನ್ನು ಮಡಿಲಲ್ಲೇ ಇಟ್ಟುಕೊಂಡು, ಹೆಬ್ಬೆರಳಿನ ನಡೆಯೊಂದನ್ನೇ ಆದಿತಾಳದಲ್ಲಿ ಸಾಧಿಸಿ. ಆಮೇಲೆ ಮೇಲುಸ್ಥಾಯಿಯ ಸಣ್ಣ ತಂತಿಗಳನ್ನು ಸೇರಿಸಿಕೊಂಡರಾಯಿತು.

ಎರಡನೆಯದು ಗಮಕ. ಬಹುಪಾಲು ಹವಾಯಿ ಹಾಡುಗಳ ಸ್ವರಗಳು ಧೀರಶಂಕರಾಭರಣದವೇ ಆದ್ದರಿಂದ, ತಂತಿಯನ್ನು ಎಳೆದು ರಾಗದ ಛಾಯೆ ತರುವ ಆಸೆ ನಮ್ಮವರಿಗೆ ತಡೆಯಲಾಗದಂತೆ ಹುಟ್ಟುತ್ತದೆ. ತಂದರೆ ಅದು ಶಂಕರಾಭರಣವೂ ಆಗುವುದಿಲ್ಲ, ಸ್ಲ್ಯಾಕ್ ಕೀಯೂ ಆಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ರಾಗಭಾವದ ಬದಲು ಸ್ವರಮೇಳದ ಬಣ್ಣ ಮುಖ್ಯ. ಅಲಂಕಾರವೆಂದರೆ ಮೀಟಿದ ತಂತಿಯ ಮೇಲೆ ಎಡಗೈ ಬೆರಳನ್ನು ಬಡಿದು ಮುಂದಿನ ಸ್ವರ ಹುಟ್ಟಿಸುವುದು, ಅಥವಾ ಬೆರಳನ್ನು ಸೆಳೆದು ಹಿಂದಿನ ಸ್ವರಕ್ಕೆ ಬಿಡುವುದು. ಜಾರು ಮಾತ್ರ ನಮಗೆ ಪರಿಚಿತವೇ. ನೀವು ಗಂಟೆಯಂತೆ ಎಂದ ಸ್ವರಗಳು ಹನ್ನೆರಡನೆಯ, ಏಳನೆಯ ಅಥವಾ ಐದನೆಯ ಮೆಟ್ಟಿನ ನೇರದಲ್ಲಿ ತಂತಿಯನ್ನು ಒತ್ತದೆ, ಸುಮ್ಮನೆ ಸೋಕಿಸಿ ಮೀಟಿದಾಗ ಬರುವಂಥವು.

ಮೂರನೆಯದು ಸ್ವಲ್ಪ ಸೂಕ್ಷ್ಮ. ತಂಬೂರಿಯಲ್ಲಿ ತಾನಾಗಿ ಕೇಳುವ ಸ್ವಯಂಭೂ ಗಾಂಧಾರ ನಿಮ್ಮ ಕಿವಿಯಲ್ಲಿ ಕೂತಿರುತ್ತದೆ. ಎಲೆಕ್ಟ್ರಾನಿಕ್ ಟ್ಯೂನರ್ ತೋರಿಸುವ ಗಾಂಧಾರ ಅದಕ್ಕಿಂತ ಒಂದು ಸ್ವರಸ್ಥಾನದ ಏಳನೆಯ ಒಂದು ಭಾಗದಷ್ಟು ಮೇಲಿರುತ್ತದೆ. ಆದ್ದರಿಂದ ಟ್ಯೂನರ್ ಹಸಿರು ದೀಪ ತೋರಿಸಿದರೂ ಎರಡನೆಯ ತಂತಿ ನಿಮಗೆ ಚುರುಕೆನಿಸುವುದು ಸಹಜ. ಕಿವಿಗೆ ಹಿತವಾಗುವಷ್ಟು ಇಳಿಸಿದರೆ ಬಿಡಿ ತಂತಿಗಳ ನಾದ ತಂಬೂರಿಯಷ್ಟೇ ತುಂಬಿಕೊಳ್ಳುತ್ತದೆ, ಆದರೆ ಅದೇ ತಂತಿಯ ಮೊದಲ ಮೆಟ್ಟಿನ ಮಧ್ಯಮ ತಗ್ಗಾಗಿ ಕೇಳುತ್ತದೆ. ನಾನು ಎರಡರ ನಡುವೆ ಒಂದು ಕಡೆ ನಿಲ್ಲಿಸಿಕೊಂಡಿದ್ದೇನೆ.

ಉತ್ತರ: ಹಳೆಯ ರೇಡಿಯೊ

ಅಂಗಡಿಯವರನ್ನು ದೂರಬೇಡಿ. ಭಾರತದಲ್ಲಿ ಹವಾಯಿಯನ್ ಗಿಟಾರ್ ಎಂದರೆ ಅವರು ತೋರಿಸಿದ ಸ್ಟೀಲ್ ಗಿಟಾರೇ. ಜೋಸೆಫ್ ಕೆಕುಕು ಎಂಬ ಹವಾಯಿಯ ಹುಡುಗ 19ನೇ ಶತಮಾನದ ಕೊನೆಯ ಭಾಗದಲ್ಲಿ ರೂಢಿಗೆ ತಂದ ಆ ವಿಧಾನ, ಟೌ ಮೋ ಕುಟುಂಬದಂಥ ಸಂಚಾರಿ ಕಲಾವಿದರ ಮೂಲಕ ಕಲ್ಕತ್ತಕ್ಕೆ ಬಂದು ಬೇರೂರಿತು. ಬ್ರಿಜ್ ಭೂಷಣ್ ಕಾಬ್ರಾ ಅದನ್ನು ಹಿಂದೂಸ್ತಾನಿ ಸಂಗೀತಕ್ಕೆ ಒಗ್ಗಿಸಿದರು. 1967ರ ‘ಕಾಲ್ ಆಫ್ ದಿ ವ್ಯಾಲಿ’ಯಲ್ಲಿ ಶಿವಕುಮಾರ್ ಶರ್ಮಾ ಮತ್ತು ಹರಿಪ್ರಸಾದ್ ಚೌರಾಸಿಯಾ ಅವರೊಂದಿಗೆ ಕೇಳುವ ಗಿಟಾರ್ ಅವರದೇ. ಕುತೂಹಲಕ್ಕೆ ಒಂದು ಕೊಂಡಿ: 1970ರ ದಶಕದಲ್ಲಿ ಗ್ಯಾಬಿ ಪಾಹಿನುಯಿ ಅವರ ತಂಡದೊಂದಿಗೆ ಧ್ವನಿಮುದ್ರಣ ಮಾಡಿದ ಅಮೆರಿಕದ ರೈ ಕೂಡರ್ ಅವರೇ ಮುಂದೆ ನಮ್ಮ ಗಿಟಾರ್ ವಾದಕ ವಿಶ್ವಮೋಹನ ಭಟ್ಟರೊಂದಿಗೆ ನುಡಿಸಿ 1994ರಲ್ಲಿ ಗ್ರ್ಯಾಮಿ ಪಡೆದವರು. ನೀವು ಅಂಗಡಿಯಲ್ಲಿ ‘ಅಕೌಸ್ಟಿಕ್ ಗಿಟಾರ್’ ಅಥವಾ ‘ಕ್ಲಾಸಿಕಲ್ ಗಿಟಾರ್’ ಎಂದಷ್ಟೇ ಕೇಳಿ. ಸ್ಲ್ಯಾಕ್ ಕೀಗೆ ಪ್ರತ್ಯೇಕ ವಾದ್ಯವಿಲ್ಲ.

ಮರುಪ್ರಶ್ನೆ: ಬಸವನಗುಡಿ ಶ್ರೋತೃ

ಎಲ್ಲರಿಗೂ ಕೃತಜ್ಞತೆಗಳು. ಒಂಟಿಯಾಗಿ ನುಡಿಸುವುದೇ ನನ್ನ ಉದ್ದೇಶವಾದ್ದರಿಂದ ಮೇಷ್ಟ್ರ ಸಲಹೆಯಂತೆ ಬಲಗೈಗೆ ಮಾತ್ರ ಪಾಠ ಹೇಳಿಸಿಕೊಂಡು, ಟ್ಯಾರೋ ಪ್ಯಾಚ್‌ನಿಂದಲೇ ಆರಂಭಿಸಲು ನಿಶ್ಚಯಿಸಿದ್ದೇನೆ. ಮಗಳು ಕಾಲೇಜಿನಲ್ಲಿದ್ದಾಗ ಕೊಂಡ ಉಕ್ಕಿನ ತಂತಿಯ ಗಿಟಾರೊಂದು ಅಟ್ಟದ ಮೇಲಿತ್ತು. ಬಳೇಪೇಟೆಯಲ್ಲಿ ಅದಕ್ಕೆ ತೆಳು ತಂತಿ ಹಾಕಿಸಿ ಶ್ರುತಿ ಇಳಿಸಿದ್ದೇನೆ. ಆದರೆ ಆರನೆಯ ತಂತಿ ಮೆಟ್ಟಿಗೆ ತಗುಲಿ ಝರ್ ಎನ್ನುತ್ತದೆ, ಮೂರೂ ತಂತಿಗಳು ನುಡಿಸುತ್ತಿರುವಾಗಲೇ ಶ್ರುತಿ ಬಿಡುತ್ತವೆ. ಹೊಸ ಗಿಟಾರ್ ಕೊಳ್ಳುವ ಮುನ್ನ ಇದನ್ನು ಸರಿಪಡಿಸಲು ಸಾಧ್ಯವೇ? ಟ್ಯಾರೋ ಪ್ಯಾಚ್ ಆದ ಮೇಲೆ ಯಾವ ಶ್ರುತಿಗೆ ಹೋಗಬೇಕು?

ಉತ್ತರ: ಆರು ತಂತಿ

ಝೇಂಕಾರಕ್ಕೆ ಕಾರಣ ತೆಳು ತಂತಿಯೇ. ಇಳಿಸಿದ ಶ್ರುತಿಯಲ್ಲಿ ತೆಳು ತಂತಿ ತೀರ ಸಡಿಲವಾಗಿ ಅಗಲವಾಗಿ ಕಂಪಿಸುತ್ತದೆ. ಐದು ಮತ್ತು ಆರನೆಯ ತಂತಿಗಳನ್ನು ಮಾತ್ರ ಒಂದು ಅಳತೆ ದಪ್ಪಗೆ ಹಾಕಿಸಿ, ಉಳಿದವು ಹಾಗೆಯೇ ಇರಲಿ, ಬೆರಳಿಗೂ ಹೊರೆಯಾಗುವುದಿಲ್ಲ. ಆಗಲೂ ನಿಲ್ಲದಿದ್ದರೆ ಕತ್ತಿನೊಳಗಿನ ಕಂಬಿಯ ಬಿಗಿತವನ್ನು ರಿಪೇರಿಯವರಿಂದ ಹೊಂದಿಸಬೇಕಾಗುತ್ತದೆ, ನೀವೇ ತಿರುಗಿಸಲು ಹೋಗಬೇಡಿ.

ಮುಂದಿನ ಶ್ರುತಿ ಯಾವುದೆಂದರೆ ‘ಜಿ ವಹೀನೆ’ ಎಂಬುದನ್ನು ಹೇಳುತ್ತೇನೆ. ಟ್ಯಾರೋ ಪ್ಯಾಚ್‌ನ ಮೂರನೆಯ ತಂತಿಯ ಷಡ್ಜವನ್ನು ಒಂದೇ ಸ್ವರಸ್ಥಾನ ಇಳಿಸಿ ಕಾಕಲಿ ನಿಷಾದ ಮಾಡಿದರೆ ಆಯಿತು: ಪ ಸ ಪ ನಿ ಗ ಪ. ಮೊದಲ ಮೆಟ್ಟಿಗೆ ಬೆರಳು ಬಡಿದು ನಿಷಾದದಿಂದ ಷಡ್ಜಕ್ಕೆ ಏರುವುದೇ ಆ ಶ್ರುತಿಯ ಸೊಗಸು. ಪಿಯಾನೊ ವಾದಕ ಜಾರ್ಜ್ ವಿನ್‌ಸ್ಟನ್ ಅವರ ಡ್ಯಾನ್ಸಿಂಗ್ ಕ್ಯಾಟ್ ಸಂಸ್ಥೆ 1990ರ ದಶಕದಿಂದ ಹೊರತಂದ ಸ್ಲ್ಯಾಕ್ ಕೀ ಆಲ್ಬಂಗಳ ಟಿಪ್ಪಣಿಗಳಲ್ಲಿ ಯಾವ ರಚನೆಗೆ ಯಾವ ಶ್ರುತಿ ಎಂಬುದನ್ನು ಕೊಟ್ಟಿದ್ದಾರೆ, ಅವನ್ನು ಜೊತೆಗಿಟ್ಟುಕೊಂಡು ಕೇಳಿ.

ಇನ್ನು ಶ್ರುತಿ ಬಿಡುವುದಕ್ಕೆ: ತಂತಿಯನ್ನು ಇಳಿಸುವಾಗ ಬೇಕಾದ ಸ್ವರದಲ್ಲೇ ನಿಲ್ಲಿಸಬೇಡಿ. ಅದಕ್ಕಿಂತ ಸ್ವಲ್ಪ ಕೆಳಗೆ ಹೋಗಿ, ತಂತಿಯನ್ನು ಬೆರಳಿನಿಂದ ಮೆಲ್ಲಗೆ ಎಳೆದು ಬಿಟ್ಟು, ಆಮೇಲೆ ಬಿರಡೆಯನ್ನು ಬಿಗಿ ಮಾಡುತ್ತ ಸ್ವರಕ್ಕೆ ಏರಿಸಿ. ಬಿರಡೆಯ ಹಲ್ಲುಗಳು ಬಿಗಿಯುವ ದಿಕ್ಕಿನಲ್ಲಿ ಕಚ್ಚಿ ನಿಂತರೆ ತಂತಿ ಜಾರುವುದಿಲ್ಲ. ಹೊಸ ತಂತಿಯಾದ್ದರಿಂದ ಮೊದಲ ಕೆಲವು ದಿನ ಹೇಗೂ ಆಗಾಗ ಶ್ರುತಿ ಸೇರಿಸಿಕೊಳ್ಳಬೇಕಾಗುತ್ತದೆ.