ರಿಂಗಿನಲ್ಲಿ ಒಂದು ಕ್ಷಣವೂ ನಿಲ್ಲದ ಹತ್ತು ತಿಂಗಳ ಮುಧೋಳ ನಾಯಿ: ಪ್ರದರ್ಶನಕ್ಕೆ ಅಣಿಗೊಳಿಸುವುದು ಹೇಗೆ?

ಬಾಣನ ಯಜಮಾನ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಹತ್ತು ತಿಂಗಳ ಗಂಡು ಮುಧೋಳ ನಾಯಿಯಿದೆ, ಹೆಸರು ಬಾಣ. ಮೂರು ತಿಂಗಳ ಮರಿಯಿದ್ದಾಗ ಬಾಗಲಕೋಟೆ ಜಿಲ್ಲೆಯ ಸಾಕಣೆದಾರರೊಬ್ಬರಿಂದ ತಂದೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರವಿದೆ, ಮೈಕ್ರೋಚಿಪ್ಪೂ ಇದೆ. ಆದರೆ ಪತ್ರದಲ್ಲಿ ಇನ್ನೂ ಆ ಸಾಕಣೆದಾರರ ಹೆಸರೇ ಉಳಿದಿದೆ.

ಕಳೆದ ತಿಂಗಳು ನಮ್ಮ ಕಡೆಯೇ ನಡೆದ ಒಂದು ಸಣ್ಣ ಶ್ವಾನ ಪ್ರದರ್ಶನಕ್ಕೆ, ಯಾರನ್ನೂ ಏನೂ ಕೇಳದೆ, ಹುಮ್ಮಸ್ಸಿನಿಂದ ಅವನನ್ನು ಕರೆದುಕೊಂಡು ಹೋದೆ. ರಿಂಗಿನೊಳಗೆ, ಅಂದರೆ ತೀರ್ಪು ನಡೆಯುವ ಹಗ್ಗ ಕಟ್ಟಿದ ಅಂಗಳದೊಳಗೆ, ಕಾಲಿಟ್ಟ ಕೂಡಲೇ ಅವನು ಹಿಂಗಾಲಿನ ಮೇಲೆ ಎದ್ದು ನಿಂತು, ನನ್ನ ಸುತ್ತ ಎರಡು ಸುತ್ತು ಹಾಕಿ, ಲೀಶನ್ನು ನನ್ನ ಮೊಣಕಾಲಿಗೆ ಸುತ್ತಿಬಿಟ್ಟನು. ತೀರ್ಪುಗಾರರು ಹಲ್ಲು ನೋಡಲು ಕೈ ಚಾಚಿದಾಗ ಬೆನ್ನು ಕುಗ್ಗಿಸಿಕೊಂಡು ನನ್ನ ಹಿಂದೆ ಸರಿದನು. ಅಷ್ಟರಲ್ಲಿ ಶಾಮಿಯಾನದ ಆಚೆ ಒಂದು ಮೇಕೆ ಕಾಣಿಸಿತು. ಆಮೇಲೆ ನಡೆದದ್ದನ್ನು ಬರೆಯದಿರುವುದೇ ವಾಸಿ, ನನ್ನ ಪ್ಯಾಂಟಿನ ಮಂಡಿ ಹರಿಯಿತು ಎಂದರೆ ಸಾಕು. ತೀರ್ಪುಗಾರರು ಬೇಸರ ಮಾಡಿಕೊಳ್ಳದೆ, "ನಾಯಿ ಒಳ್ಳೆಯದಿದೆ, ಆದರೆ ಅದಿನ್ನೂ ರಿಂಗಿಗೆ ಬಂದೇ ಇಲ್ಲ" ಎಂದರು. ಮನೆಗೆ ಬಂದ ಮೇಲೆ ನಮ್ಮ ತಂದೆ, "ಓಡೋ ನಾಯಿನ ತಂದು ನಿಲ್ಲು ಅಂದ್ರ ಹೆಂಗ ನಿಲ್ತೈತಿ?" ಎಂದು ನಕ್ಕರು.

ಬರುವ ಚಳಿಗಾಲದಲ್ಲಿ ಬೆಂಗಳೂರಿನ ಪ್ರದರ್ಶನವೊಂದಕ್ಕೆ ಹೋಗಬೇಕೆಂಬ ಆಸೆಯಿದೆ. ಪ್ರದರ್ಶನದ ದಿನ ಬೆಳಿಗ್ಗೆ ಚೆನ್ನಾಗಿ ಓಡಿಸಿ ದಣಿಸಿದರೆ ಸುಮ್ಮನಿರುತ್ತಾನೆಯೇ? ಬೀಜ ತೆಗೆಸಿದರೆ ಶಾಂತನಾಗುತ್ತಾನೆಂದು ಒಬ್ಬರು ಹೇಳಿದರು, ಅದು ನಿಜವೇ? ಮೊದಲು ಏನನ್ನು ಕಲಿಸಬೇಕೆಂದು ತಿಳಿದವರು ದಯವಿಟ್ಟು ಹೇಳಿ.

ಗಂಗಾವತಿಯ ಶ್ವಾನಪ್ರಿಯ

ಬೀಜದ ವಿಚಾರವನ್ನು ಮೊದಲು ಮುಗಿಸಿಬಿಡುತ್ತೇನೆ. ಗಂಡು ನಾಯಿಯ ಎರಡೂ ಬೀಜಗಳು ಸರಿಯಾಗಿ ಇಳಿದಿವೆಯೇ ಎಂದು ತೀರ್ಪುಗಾರರು ಕೈಯಿಟ್ಟೇ ಪರೀಕ್ಷಿಸುತ್ತಾರೆ, ಏಕೆಂದರೆ ಈ ಪ್ರದರ್ಶನಗಳು ಹುಟ್ಟಿಕೊಂಡದ್ದೇ ತಳಿಗೆ ಯೋಗ್ಯವಾದ ನಾಯಿಗಳನ್ನು ಆರಿಸುವುದಕ್ಕಾಗಿ. ರಿಂಗಿನ ಆಸೆ ಇರುವವರೆಗೆ ಆ ಮಾತು ಬೇಡ.

ದಣಿಸುವ ಉಪಾಯವನ್ನು ನಾನೂ ನನ್ನ ಮೊದಲ ನಾಯಿಯ ಮೇಲೆ ಮಾಡಿ ಕೈಸುಟ್ಟುಕೊಂಡಿದ್ದೇನೆ. ದಣಿದ ಮುಧೋಳ ನಾಯಿ ತಲೆ ತಗ್ಗಿಸುತ್ತದೆ, ಹೆಜ್ಜೆ ಎಳೆಯುತ್ತದೆ, ತೀರ್ಪುಗಾರರು ನೋಡಬೇಕೆಂದಿರುವ ನಡಿಗೆಯೇ ಹಾಳಾಗುತ್ತದೆ. ಎಳೆಯ ನಾಯಿಯಾದರೆ ಅರ್ಧ ಗಂಟೆ ಮಲಗೆದ್ದು ಮತ್ತೆ ಮೊದಲಿನಂತಾಗುತ್ತದೆ. ದಿನವೂ ದಣಿಸುತ್ತ ಹೋದಿರೆಂದರೆ, ಇಂದು ಮೂರು ಕಿಲೋಮೀಟರಿಗೆ ಸಾಕೆನ್ನುವ ನಾಯಿ ಎರಡು ತಿಂಗಳಲ್ಲಿ ಆರಕ್ಕೂ ಸಾಕೆನ್ನುವುದಿಲ್ಲ. ನೀವೇ ಅದಕ್ಕೆ ಕಸರತ್ತು ಮಾಡಿಸಿದಂತಾಗುತ್ತದೆ. ಹುರುಪು ದೋಷವಲ್ಲ. ಯಾವಾಗ ನಿಲ್ಲಬೇಕು, ಯಾವಾಗ ಓಡಬೇಕು ಎಂಬುದು ಅವನಿಗೆ ತಿಳಿದಿಲ್ಲ, ಅಷ್ಟೇ.

ರಿಂಗಿನಲ್ಲಿ ನಿಮ್ಮ ನಾಯಿಯಿಂದ ಕೇಳುವುದು ಮೂರೇ ಕೆಲಸ: ನಾಲ್ಕು ಕಾಲೂರಿ ನಿಲ್ಲುವುದು, ಅಪರಿಚಿತರ ಕೈ ಮೈಮೇಲೆ ಆಡುವಾಗ ಸಹಿಸುವುದು, ಹೇಳಿದ ದಾರಿಯಲ್ಲಿ ಕುಕ್ಕುಲೋಟದಲ್ಲಿ ಹೋಗಿ ಬರುವುದು. ಇವಕ್ಕಾಗಿ ತೆಳುವಾದ ಶೋ ಲೀಶ್ ಒಂದನ್ನು ಬೇರೆಯಾಗಿಯೇ ಇಡಿ. ತಿರುಗಾಟಕ್ಕೆ ಅಗಲವಾದ ಕೊರಳಪಟ್ಟಿ, ಅಭ್ಯಾಸಕ್ಕೆ ಮಾತ್ರ ಈ ತೆಳು ಲೀಶ್. ಅದನ್ನು ಹಾಕಿದಾಗ ಮೇಕೆಯಿಲ್ಲ, ಅಳಿಲಿಲ್ಲ, ಬಹುಮಾನದ ಈಲಿ (ಕೋಳಿ ಲಿವರ್) ಮಾತ್ರ ಉಂಟು ಎಂಬುದು ಕೆಲವು ವಾರಗಳಲ್ಲಿ ನಾಯಿಗೆ ಮನದಟ್ಟಾಗುತ್ತದೆ. ನನ್ನ ಈಗಿನ ಹೆಣ್ಣುನಾಯಿ ಆ ಲೀಶನ್ನು ಮೊಳೆಯಿಂದ ತೆಗೆದ ಸದ್ದಿಗೇ ಬೆನ್ನು ನೇರ ಮಾಡುತ್ತಾಳೆ.

ಬೇಯಿಸಿದ ಕೋಳಿ ಈಲಿಯನ್ನು ಉಗುರಿನಷ್ಟು ಚೂರುಗಳಾಗಿ ಮಾಡಿಕೊಳ್ಳಿ. ಚೂರನ್ನು ನಾಯಿಯ ಮೂಗಿನ ಮಟ್ಟದಲ್ಲಿ, ಮೂಗಿನಿಂದ ಒಂದು ಗೇಣು ಮುಂದೆ ಹಿಡಿಯಿರಿ. ಕೈ ಮೇಲೆ ಹೋದರೆ ಅವನು ಕೂರುತ್ತಾನೆ, ಕೆಳಗೆ ಇಳಿದರೆ ಕತ್ತು ಬಾಗುತ್ತದೆ. ನಾಲ್ಕೂ ಪಾದ ನೆಲದಲ್ಲಿದ್ದ ಮೂರು ಸೆಕೆಂಡಿಗೆ ಒಂದು ಚೂರು, ಮರುದಿನ ಐದು ಸೆಕೆಂಡಿಗೆ, ಹೀಗೆ ಬೆಳೆಸಿ. ಎಗರಿದರೆ ಬೈಯಬೇಡಿ, ಎಳೆಯಲೂಬೇಡಿ. ಕೈ ಮುಚ್ಚಿಕೊಂಡು ಕಂಬದಂತೆ ನಿಂತುಬಿಡಿ. ಒಮ್ಮೆಗೆ ನಾಲ್ಕು ನಿಮಿಷಕ್ಕಿಂತ ಹೆಚ್ಚು ಬೇಡ, ಬೇಕಾದರೆ ದಿನಕ್ಕೆ ಮೂರು ಸಲ ಮಾಡಿ.

ಓಟದಲ್ಲಿ ನಾಯಿ ಸಾಮಾನ್ಯವಾಗಿ ನಿಮ್ಮ ಎಡಗಡೆ ಇರಲಿ, ನೀವು ಅದಕ್ಕೂ ತೀರ್ಪುಗಾರರಿಗೂ ನಡುವೆ ಅಡ್ಡ ಬರಬಾರದು. ನೀವು ತೀರ ನಿಧಾನವಾದರೆ ಅವನು ಒಂದೇ ಬದಿಯ ಎರಡು ಕಾಲನ್ನು ಒಟ್ಟಿಗೆ ಎತ್ತುತ್ತ ತೊನೆಯುತ್ತಾನೆ, ತೀರ ಜೋರಾದರೆ ನಾಗಾಲೋಟಕ್ಕೆ ಬೀಳುತ್ತಾನೆ. ನಡುವಿನ ಒಂದು ವೇಗದಲ್ಲಿ ಒಂದು ಬದಿಯ ಮುಂಗಾಲೂ ಇನ್ನೊಂದು ಬದಿಯ ಹಿಂಗಾಲೂ ಜೊತೆಯಾಗಿ ಏಳುತ್ತವೆ, ಅದೇ ಕುಕ್ಕುಲೋಟ. ಯಾರಾದರೂ ಪಕ್ಕದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ಕೊಟ್ಟರೆ ಆ ವೇಗ ಯಾವುದೆಂದು ನಿಮಗೇ ಗೊತ್ತಾಗುತ್ತದೆ.

ಮುಟ್ಟಿಸಿಕೊಳ್ಳುವುದಕ್ಕೆ ದಿನಕ್ಕೆ ಹತ್ತು ಜನ ಅಪರಿಚಿತರಿಂದ ಮೈ ಸವರಿಸಿ. ಹಾಲಿನವರು, ಪೇಪರಿನವರು, ಟೊಪ್ಪಿಗೆ ಹಾಕಿದವರು, ಕನ್ನಡಕದವರು, ಎಲ್ಲರೂ ಬರಲಿ.

ಸಿಂಧನೂರಿನ ಪಶುವೈದ್ಯ

ಮೇಲಿನವರ ಕೊನೆಯ ಮಾತೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ನನ್ನ ಒಪ್ಪಿಗೆಯಿದೆ. ಮುಧೋಳ ನಾಯಿ ಲ್ಯಾಬ್ರಡಾರ್ ಅಲ್ಲ. ಅಪರಿಚಿತರ ಕೈ ಅದಕ್ಕೆ ಸ್ವಭಾವತಃ ಹಿಡಿಸುವುದಿಲ್ಲ. ಮೇಲಾಗಿ ಹರೆಯಕ್ಕೆ ಬರುವ ಈ ವಯಸ್ಸಿನಲ್ಲಿ, ನಿನ್ನೆಯವರೆಗೆ ಲೆಕ್ಕಕ್ಕಿಲ್ಲದ ವಸ್ತುವಿಗೂ ಹಠಾತ್ತನೆ ಬೆದರುವ ಒಂದು ಘಟ್ಟ ಹಲವು ನಾಯಿಗಳಲ್ಲಿ ಬರುತ್ತದೆ. ರಿಂಗಿನಲ್ಲಿ ಹಿಂದೆ ಸರಿದದ್ದು ತುಂಟತನವಲ್ಲ, ಅಳುಕು. ಎಗರಾಟದಲ್ಲೂ ಅರ್ಧ ಪಾಲು ಅದೇ ಇದ್ದೀತು. ಅಂಥ ನಾಯಿಯನ್ನು ಹಿಡಿದು ನಿಲ್ಲಿಸಿ ಹತ್ತು ಜನರಿಂದ ಮುಟ್ಟಿಸಿದರೆ ಕೈ ಎಂದರೆ ಕಾಟ ಎಂದೇ ಕಲಿಯುತ್ತದೆ. ದಿನಕ್ಕೆ ಒಬ್ಬರು ಸಾಕು. ಅವರು ಪಕ್ಕಕ್ಕೆ ತಿರುಗಿ ನಿಲ್ಲಲಿ, ನಾಯಿಯೇ ಹತ್ತಿರ ಹೋಗಿ ಮೂಸಲಿ, ಬಳಿಕ ಗದ್ದದ ಕೆಳಗೆ, ಭುಜದ ಮೇಲೆ ಕೈಯಾಡಿಸಲಿ. ನೆತ್ತಿಯ ಮೇಲಿಂದ ಕೈ ಬರುವುದು ಕೊನೆಗಿರಲಿ. ಹಲ್ಲು ತೋರಿಸುವಾಗ ಬಾಯಿ ತೆರೆಯಬೇಕಿಲ್ಲ, ಬಾಯಿ ಮುಚ್ಚಿದಂತೆಯೇ ಮುಂದಿನ ತುಟಿ ಸರಿಸಿದರೆ ಹಲ್ಲಿನ ಜೋಡಣೆ ಕಾಣುತ್ತದೆ.

ನಮ್ಮ ಸೀಮೆಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳಬೇಕಿಲ್ಲ. ಅಭ್ಯಾಸ ಸೂರ್ಯ ಏರುವ ಮೊದಲು ಮುಗಿಯಲಿ. ನಿಮ್ಮ ಅಂಗೈಯ ಹಿಂಬದಿ ಡಾಂಬರಿನ ಮೇಲೆ ಐದು ಸೆಕೆಂಡು ನಿಲ್ಲದಿದ್ದರೆ ನಾಯಿಯ ಪಾದವೂ ನಿಲ್ಲುವುದಿಲ್ಲ. ರೇಬೀಸ್ ಲಸಿಕೆ ಮತ್ತು ಉಳಿದ ವಾರ್ಷಿಕ ಲಸಿಕೆಗಳನ್ನು ಪ್ರದರ್ಶನಕ್ಕೆ ಸಾಕಷ್ಟು ಮುಂಚೆಯೇ ಹಾಕಿಸಿ, ಪುಸ್ತಕ ಜೊತೆಗಿರಲಿ. ಇನ್ನೊಂದು ಮಾತು: ಬಡಕಲಾಗಿ ಕಾಣುತ್ತಾನೆಂದು ಮರುಗಿ ಅನ್ನ ಹೆಚ್ಚಿಸಬೇಡಿ. ಓಟಕ್ಕೆ ಹುಟ್ಟಿದ ಈ ತಳಿ ತೆಳ್ಳಗೇ ಇರಬೇಕು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ. ಬೆಳೆದ ನಾಯಿಗಳನ್ನು ಅಲ್ಲಿ ಒಮ್ಮೆ ನೋಡಿ ಬಂದರೆ ತಳಿಯ ರೂಪ ಕಣ್ಣಿನಲ್ಲಿ ಕೂರುತ್ತದೆ.

ಗಂಗಾವತಿಯ ಶ್ವಾನಪ್ರಿಯ

ಡಾಕ್ಟರ್ ಸಾಹೇಬರ ಮಾತು ಸರಿ, ಹತ್ತು ಜನ ಎಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಾನು ಬಹುಕಾಲ ಸಾಕಿದ್ದು ಲ್ಯಾಬ್ರಡಾರ್‌ಗಳನ್ನೇ, ಆ ರೂಢಿಯಲ್ಲಿ ಬರೆದುಬಿಟ್ಟೆ.

ಬಾಣನ ಯಜಮಾನ, ಬಳ್ಳಾರಿ

ಮೂರು ವಾರ ಅಭ್ಯಾಸ ಮಾಡಿಸಿ ಬರೆಯುತ್ತಿದ್ದೇನೆ. ತೆಳು ಲೀಶಿನ ಉಪಾಯ ನಿಜಕ್ಕೂ ಫಲಿಸಿದೆ, ಈಗ ಇಪ್ಪತ್ತು ಸೆಕೆಂಡು ನಿಲ್ಲುತ್ತಾನೆ. ಆದರೆ ಬೇರೊಂದು ತೊಡಕು ಎದುರಾಗಿದೆ. ಮರಿಯಿದ್ದಾಗ ಗೇಟಿನ ಬಳಿ, ಊಟದ ಮುಂದೆ, ಎಲ್ಲೆಲ್ಲೂ "ಕೂರು" ಎಂದು ಕಲಿಸಿದ್ದೆ. ಈಗ ಈಲಿ ಕಂಡ ಕೂಡಲೇ, ಕೇಳದಿದ್ದರೂ, ಬಹಳ ವಿನಯದಿಂದ ಕೂತುಬಿಡುತ್ತಾನೆ. ಬೈಯಲು ಮನಸ್ಸು ಬರುವುದಿಲ್ಲ.

ಗಂಗಾವತಿಯ ಶ್ವಾನಪ್ರಿಯ

ಬೈಯಲೇಬಾರದು, ಅವನು ಪಾಠ ಒಪ್ಪಿಸುತ್ತಿದ್ದಾನೆ. ರಿಂಗಿಗೆ ಹೋಗುವ ಮರಿಗೆ ನಾವು "ನಿಲ್ಲು" ಎಂಬುದನ್ನೇ ಮೊದಲು ಕಲಿಸುವುದು ಈ ಕಾರಣಕ್ಕೆ. ಕೂರಲು ಹಿಂಭಾಗ ತಗ್ಗಿದ ಕ್ಷಣವೇ ನೀವು ಒಂದು ಹೆಜ್ಜೆ ಮುಂದೆ ಹೋಗಿ. ಹಿಂಬಾಲಿಸಲು ಅವನು ಏಳಲೇಬೇಕು, ಎದ್ದು ನಿಂತಾಗ ಚೂರು ಕೊಡಿ. ಮನೆಯಲ್ಲಿ ಒಂದು ತಿಂಗಳು "ಕೂರು" ಎಂಬ ಮಾತನ್ನೇ ಆಡಬೇಡಿ.

ಪತ್ರದ ಕೆಲಸವನ್ನು ತಡಮಾಡಬೇಡಿ. ಒಡೆತನ ನಿಮ್ಮ ಹೆಸರಿಗೆ ಬದಲಾಗಲು ಸಾಕಣೆದಾರರ ಸಹಿ ಬೇಕಾಗುತ್ತದೆ, ಫೋನಿಗಿಂತ ಖುದ್ದಾಗಿ ಹೋಗಿ ಪಡೆಯುವುದು ಒಳಿತು. ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ಈ ತಳಿಯ ಹೆಸರು ಕಾರವಾನ್ ಹೌಂಡ್ ಎಂದಿದೆ. ಪ್ರವೇಶ ಅರ್ಜಿಯಲ್ಲಿ ಹಾಗೆಯೇ ಬರೆಯಿರಿ. ಅವನು ಯಾವ ವಯೋವರ್ಗದಲ್ಲಿ ಸ್ಪರ್ಧಿಸುತ್ತಾನೆ ಎಂಬುದು ಪ್ರದರ್ಶನದ ದಿನದ ವಯಸ್ಸಿನ ಮೇಲೆ ನಿಲ್ಲುತ್ತದೆ, ಅರ್ಜಿ ಹಾಕುವ ದಿನದ ವಯಸ್ಸಿನ ಮೇಲಲ್ಲ.

ಬೆಂಗಳೂರಿಗೆ ಮೊದಲ ಸಲ ನಾಯಿಯನ್ನು ಬಿಟ್ಟು ನೀವೊಬ್ಬರೇ ಹೋಗಿ, ರಿಂಗಿನ ಪಕ್ಕ ಬೆಳಗಿನಿಂದ ಕೂತು ನೋಡಿ. ಎರಡನೆಯ ಸಲ ಅವನನ್ನು ಒಯ್ದಾಗ ಕಾರಾದರೆ ಹಿಂದಿನ ದಿನವೇ ಹೊರಡಿ, ರಾತ್ರಿ ಅಲ್ಲಿ ನಿದ್ದೆ ಮಾಡಲಿ. ರೈಲಾದರೆ ಮೊದಲ ದರ್ಜೆಯ ಕೂಪೆಯನ್ನು (ಬಾಗಿಲಿರುವ ಪ್ರತ್ಯೇಕ ಸಣ್ಣ ಕೋಣೆ) ಪೂರ್ತಿ ಪಡೆಯಬೇಕಾಗುತ್ತದೆ; ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಬಂದ ಅಳುಕಿನ ನಾಯಿ ಮರುದಿನ ರಿಂಗಿಗೆ ಆಗುವುದಿಲ್ಲ.

ಬಾಣನ ಯಜಮಾನ, ಬಳ್ಳಾರಿ

ಒಂದು ಹೆಜ್ಜೆ ಮುಂದಿಡುವುದು ನಾಲ್ಕೇ ದಿನದಲ್ಲಿ ಕೆಲಸ ಮಾಡಿತು. ಅಂದು ನಕ್ಕ ನಮ್ಮ ತಂದೆಯೇ ಈಗ ದಿನವೂ ಬೆಳಿಗ್ಗೆ ಟೊಪ್ಪಿಗೆ, ಕಪ್ಪು ಕನ್ನಡಕ ಹಾಕಿಕೊಂಡು ತೀರ್ಪುಗಾರರಾಗಿ ಅಂಗಳಕ್ಕೆ ಬರುತ್ತಾರೆ. ಬಾಣ ಅವರನ್ನು ಮೂಸಿಯೇ ಗುರುತು ಹಿಡಿದು ಬಾಲ ಆಡಿಸುವುದರಿಂದ ಆ ಪರೀಕ್ಷೆ ಲೆಕ್ಕಕ್ಕೆ ಬರುವುದಿಲ್ಲ ಎಂದು ಹೇಳಿದೆ. ನಾಳೆಯಿಂದ ಬರಲು ಎದುರು ಮನೆಯವರನ್ನು ಕೇಳಿದ್ದೇನೆ.