ಥಾರ್ ಎಎಕ್ಸ್ ಆಪ್ಷನಲ್ಲೋ, ಎಲ್‌ಎಕ್ಸೋ? ಸಸ್ಪೆನ್ಷನ್ ಅನುಭವ ಇದ್ದವರು ಹೇಳ್ರಿ

ಕನಕಗಿರಿ ರೈತ: ಸೆಕೆಂಡ್ ಹ್ಯಾಂಡ್ 2021ರ ಮಹೀಂದ್ರಾ ಥಾರ್ ಎರಡು ನೋಡಿಟ್ಟೀನಿ, ಒಂದು ಎಎಕ್ಸ್ ಆಪ್ಷನಲ್ ಮಾಡೆಲ್, ಒಂದು ಎಲ್‌ಎಕ್ಸ್. ಹೊಲ ಎರಿ, ದಾರಿ ಬರೇ ಕಲ್ಲು, ಅವ್ವಗ ಸೊಂಟನೋವು. ಯಾವುದರ ಸಸ್ಪೆನ್ಷನ್ ಚಲೋ? ಇಲ್ಲಾ ಮಾರುತಿ ಜಿಮ್ನಿ ನೋಡ್ಲ್ಯಾ?

ಸಂಡೂರು ಗುಡ್ಡ: ಮೂಲ ಜೋಡಣಿ ಎರಡರದೂ ಒಂದೇ ರೀ. ಮುಂದ ಡಬಲ್ ವಿಶ್‌ಬೋನ್ (ಎರಡೂ ಗಾಲಿ ಬ್ಯಾರೆ ಬ್ಯಾರೆ ಏರಿಳೀತಾವ), ಹಿಂದ ಗಟ್ಟಿ ಎಕ್ಸೆಲ್ (ಎರಡೂ ಗಾಲಿಗೆ ಒಂದೇ ದಂಡಿ), ನಾಲ್ಕೂ ಕಡೆ ಕಾಯಿಲ್ ಸ್ಪ್ರಿಂಗ್. ದೊಡ್ಡ ಫರಕ್ ಇರೋದು ಟೈರಿನಾಗ. ಆಪ್ಷನಲ್‌ಗೆ 245/75 ಆರ್16, ಎಲ್‌ಎಕ್ಸ್‌ಗೆ 255/65 ಆರ್18. ಅಂದ್ರ ಸೈಡ್‌ವಾಲ್ (ರಿಮ್ಮಿನಿಂದ ನೆಲದ ತನಕ ಟೈರಿನ ಬದಿ ಎತ್ತರ) ಆಪ್ಷನಲ್‌ಗೆ 184 ಮಿ.ಮೀ., ಎಲ್‌ಎಕ್ಸ್‌ಗೆ 166. ನಂದು ಎಲ್‌ಎಕ್ಸ್. ಅದಿರು ಲಾರಿ ತುಳಿದು ಕಿತ್ತ ದಾರ್ಯಾಗ ಒಂದು ಚೂಪುಗಲ್ಲು ಸೈಡ್‌ವಾಲ್ ಸೀಳ್ತು, ಒಳಗಿನ ನೂಲು ಕಾಣೋ ಹಂಗ. ಟೈರು 13,800, ರಿಮ್ ಬೆಂಡ್ ತೆಗ್ಸಿದ್ದು 1,200, ಅಲೈನ್‌ಮೆಂಟ್ 900. ಮುಂದಿನ ಜೋಡಿ ಸಮ ಇರ್ಬೇಕಂತ ಇನ್ನೊಂದು 13,800. ಈಗ 16 ಇಂಚಿನ ಉಕ್ಕಿನ ಗಾಲಿ, ದೊಡ್ಡ ಸೈಡ್‌ವಾಲಿನ ಟೈರು ಹಾಕ್ಸೀನಿ. ಶಾಕಪ್ ಬದಲಿಸಲೇ ಇಲ್ಲ, ಆದ್ರೂ ಕುಲುಕಾಟ ಕಮ್ಮಿ ಆತು.

ಲಿಂಗಸುಗೂರು 4x4: ಯಾವುದಾರ ತಗೋರಿ, ಲಿಫ್ಟ್ (ಗಾಡಿ ಎತ್ತರ ಮಾಡ್ಸೋದು) ಮಾತ್ರ ಬ್ಯಾಡ. "ಏನೂ ಆಗಲ್ಲ" ಅಂತ ಒಂದು ಅಂಗಡಿಯವ ನನ್ನ ಥಾರಿಗೆ 2 ಇಂಚು ಸ್ಪೇಸರ್ (ಸ್ಪ್ರಿಂಗಿಗೆ ಇಡೋ ದಪ್ಪ ಬಿಲ್ಲೆ) ಕೂಡ್ಸಿದ. ಮುಂದಿನ ಎಕ್ಸೆಲ್ ಜಾಯಿಂಟಿನ ಕೋನ ಕೆಟ್ಟು ಅದರ ಮ್ಯಾಲಿನ ರಬ್ಬರ್ ಬೂಟು (ಗ್ರೀಸು ಹಿಡಿಯೋ ಚೀಲ) ಹರೀತು, ರಿಮ್ಮಿನ ಒಳಗೆಲ್ಲಾ ಗ್ರೀಸು ಸುತ್ತು ಹಾಕಿ ಚಿಮ್ಮಿತ್ತು. ಎರಡೂ ಬೂಟು, ಗ್ರೀಸು, ಮಜೂರಿ ಸೇರಿ 7,400. ಎಡಗಡೆ ಜಾಯಿಂಟ್ ಕಟಕಟ ಅನ್ನಾಕತ್ತು, ಪೂರಾ ಸೆಟ್ ಹಾಕ್ಸಿದೆ, 16,000. ಬಿಲ್ ಹಿಡಕೊಂಡು ಹೋದ್ರ ಆ ಮನಿಷ್ಯಾ ಅಂಗಡಿ ಬಾಗಿಲಾಗೇ ಮಾರಿ ತಿರುವಿದ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 52 ಓದ್ರಿ, ಗಾಡಿ ಮೂಲ ರೂಪ ಬದಲಿಸಿದ್ರ ವಿಮಾ ಕ್ಲೇಮಿನಾಗ ತಕರಾರು ಬರ್ತದ.

ಗಂಗಾವತಿ ಜಿಮ್ನಿ: ಜಿಮ್ನಿಗೆ ಮುಂದೂ ಹಿಂದೂ ಗಟ್ಟಿ ಎಕ್ಸೆಲ್. ಆನೆಗುಂದಿ ಕಡೆ ಬಂಡೆ ದಾರ್ಯಾಗ ಒಂದು ಗಾಲಿ ಏರಿದ್ರ ಜೋಡಿ ಗಾಲಿ ತಾನೇ ಕೆಳಗ ಒತ್ತಿ ನೆಲ ಹಿಡೀತದ. ಝೀಟಾ, ಆಲ್ಫಾ ಎರಡೂ ಮಾಡೆಲ್‌ಗೂ ಅದೇ, ಟೈರೂ ಅದೇ 195/80 ಆರ್15. ಥಾರಿನವರು ಹೆಚ್ಚಿನ ರೊಕ್ಕ ಕೊಟ್ಟು ಸಣ್ಣ ಸೈಡ್‌ವಾಲ್ ತಗೋತಾರ.

ಸಂಡೂರು ಗುಡ್ಡ: ಹೊಸಪೇಟೆ ಹೈವೇದಾಗ ಅಡ್ಡಗಾಳಿಗೆ ನಿಮ್ಮ ಜಿಮ್ನಿ ಸ್ಟೀರಿಂಗ್ ತಿದ್ದಿ ತಿದ್ದಿ ಕೈ ಸೋಲ್ತದ, ಅದನ್ನೂ ಬರೀರಿ.

ಗಂಗಾವತಿ ಜಿಮ್ನಿ: ಬರೀತೀನಿ. ನೀವು ಇದನ್ನ ಬರೀರಿ: ಇವರು ನೋಡಿದ ಥಾರಿನಾಗ ಹಿಂದಿನ ಸೀಟಿಗೆ ಬ್ಯಾರೆ ಬಾಗಿಲಿಲ್ಲ. ಮುಂದಿನ ಸೀಟು ಮಡಚಿ ಸೊಂಟನೋವಿನ ಅವ್ವ ಹೆಂಗ ಹತ್ತಬೇಕು?

ಸಂಡೂರು ಗುಡ್ಡ: ಅವ್ವ ಮುಂದ ಕೂಡ್ತಾರ. ಕೇಳಿದ್ದು ಸಸ್ಪೆನ್ಷನ್, ಬಾಗಿಲಲ್ಲ.

ದೇವದುರ್ಗ: ನಮ್ಮ ಬೊಲೆರೊಕ್ಕ ಹಿಂದ ಪಾಟಾ (ಉಕ್ಕಿನ ಪಟ್ಟಿ ಸ್ಪ್ರಿಂಗ್). ಖಾಲಿ ಇದ್ದಾಗ ಕುಣೀತದ ಖರೆ. ಭತ್ತದ ಚೀಲ ಬಿದ್ವು ಅಂದ್ರ ಕೂತ್ಕೊಂಡು ಹೋಗ್ತದ. ಪಾಟಾ ಮುರಿದ್ರ ಸಿರವಾರದಾಗೂ ರಿಪೇರಿ ಆಗ್ತದ. ಎರಿ ಹೊಲಕ್ಕ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸ್ರಿ, ಸಾಕು.

ಲಿಂಗಸುಗೂರು 4x4: 18? ಅದೇ ಗಾಳಿಲೇ ಕಲ್ಲಿನ ದಾರಿಗೆ ಬಂದ್ರ ಸೈಡ್‌ವಾಲ್ ಹೋಗ್ತದ. ಪಂಪ್ ಇಲ್ದವರಿಗೆ ಇಂಥಾ ಸಲಹೆ ಕೊಡಬ್ಯಾಡ್ರಿ.

ದೇವದುರ್ಗ: ಎರಿ ಹೊಲ ಉಳೋರು ನಾವು. ನಮಗ ಕಲಿಸಾಕ ಬರಬ್ಯಾಡ್ರಿ.

ಲಿಂಗಸುಗೂರು 4x4: ಮಳಿ ಆದಮ್ಯಾಲ ಎರಿ ಮಣ್ಣು ಟ್ರೆಡ್ಡಿನಾಗ ತುಂಬಿದ್ರ 10ಕ್ಕ ಇಳಿಸಿದ್ರೂ ಗಾಡಿ ಮುಂದ ಹೋಗಲ್ಲ. ನಿಮಗೂ ಗೊತ್ತು.

ಕುಷ್ಟಗಿ: ಸಂಡೂರಿನವರ, ತೆಗೆದಿಟ್ಟ 18 ಇಂಚಿನ ಗಾಲಿ ಕೊಡ್ತೀರೇನ್ರಿ? ಬೆಂಡ್ ತೆಗ್ಸಿದ್ದು ಬಿಟ್ಟು ಉಳಿದ ಮೂರು ಸಾಕು.